ಪೆನ್ಸಿಲ್ಲಿನಲ್ಲಿ ಡೋಸು ಬರೆಯುತ್ತಿದ್ದ ಡಾಕ್ಟರ್ ಬಾಯಾರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಹೇಳಿದ್ದಾರೆ.

"ನನ್ನ ಬಗ್ಗೆ ಏನರೆ ಬರಕೋರಿ ಮಾಸ್ತರ, ಬ್ಯಾಡ ಅನ್ನಂಗಿಲ್ಲ. ಹೆಸರು ಮಾತ್ರ ಹಾಕಬ್ಯಾಡ್ರಿ. ಹೆಸರು ಕಂಡ್ರ ನಾಕು ತಾಲೂಕಿನ ಅತ್ತಿಗೋಳು ಸೊಸ್ತೇರನ್ನ ಕರಕೊಂಡು ಬಂದು ನನ್ನ ಮನಿ ಕಟ್ಟಿ ಮ್ಯಾಲೆ ಕುಂದರ್ತಾರ. ಇನ್ನರೆ ನನಗ ಮಧ್ಯಾಹ್ನ ಒಂದು ತಾಸು ಮಕ್ಕೊಳ್ಳಾಕ ಬಿಡ್ರಿ."

ಹೋದ ತಿಂಗಳು ಅವರು ಆಸ್ಪತ್ರೆಯ ಬಾಗಿಲು ಹಾಕಿ ನಿವೃತ್ತರಾದರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆ 'ಬಾಯಾರ ಕಡೆ ಹೋಗಿದ್ವಿ' ಎಂದರೆ ಸಾಕು, ಕೇಳಿದವರು ದನಿ ತಗ್ಗಿಸಿ 'ಏನಂದ್ರು?' ಎನ್ನುತ್ತಿದ್ದರು. ನಮ್ಮ ಕಡೆ ಡಾಕ್ಟರಮ್ಮನನ್ನು ಬಾಯಾರು ಎನ್ನುತ್ತಾರೆ; ಇವರು ಮಕ್ಕಳಾಗದವರ ಡಾಕ್ಟರು. ಹಾನಗಲ್ಲಿನಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಸಣ್ಣ ಆಸ್ಪತ್ರೆ. ಸ್ಕ್ಯಾನಿಂಗು, ರಕ್ತ ಪರೀಕ್ಷೆ, ಇಂಜೆಕ್ಷನ್ನು ಎಲ್ಲ ಅಲ್ಲಿಯೇ. ಬೆಳೆದ ಅಂಡಾಣುಗಳನ್ನು ಹೊರಗೆ ತೆಗೆಯುವ ಕೆಲಸಕ್ಕೆ ಮಾತ್ರ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿಗೂ ಅವರೇ ವ್ಯಾನಿನಲ್ಲಿ ನಮ್ಮಂಥ ಪೇಷಂಟುಗಳ ಜೊತೆ ಬರುತ್ತಿದ್ದರು, ಮುಂದಿನ ಸೀಟಿನಲ್ಲಿ ಕುಳಿತು ಡ್ರೈವರನಿಗೆ ದಾರಿಯುದ್ದಕ್ಕೂ ಬೈಯುತ್ತ.

ಗಿಡ್ಡ ದೇಹ, ಗಟ್ಟಿ ದನಿ. ತಲೆಯ ಮೇಲೊಂದು ಕನ್ನಡಕ, ಕೊರಳಲ್ಲೊಂದು ಕನ್ನಡಕ, ಎರಡನ್ನೂ ಬಿಟ್ಟು ಮೂರನೆಯದನ್ನು ಹುಡುಕುತ್ತಿರುವ ಕೈ. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಯಾರಿಗೆ ಎಷ್ಟು ಇಂಜೆಕ್ಷನ್ ಎಂಬುದನ್ನು ಅವರು ಆ ಪೆನ್ಸಿಲ್ಲಿನಲ್ಲಿಯೇ ಬರೆಯುತ್ತಿದ್ದರು. ಬರೆದು, ನೋಡಿ, ಅಳಿಸಿ, ಮತ್ತೆ ಬರೆದು. "ಪೆನ್ನಿನ್ಯಾಗ ಯಾಕ ಬರಿಯಂಗಿಲ್ರಿ?" ಎಂದು ಕೇಳಿದರೆ, "ನಾ ಬರದ್ರ ಮುಗೀತೇನು? ಅಂಡಾಶಯ ಇನ್ನೂ ಒಪ್ಪಿಗಿ ಕೊಟ್ಟಿಲ್ಲ," ಎನ್ನುತ್ತಿದ್ದರು.

ಸ್ಕ್ಯಾನಿಂಗ್ ಮಾಡುವಾಗಲಂತೂ ಅವರು ಪೇಷಂಟಿನ ಜೊತೆ ಮಾತನಾಡುತ್ತಲೇ ಇರಲಿಲ್ಲ. ನೇರವಾಗಿ ಅಂಡಾಶಯಗಳ ಜೊತೆ ಮಾತು. ಪರದೆಗೆ ಮೂಗು ತಾಗಿಸಿ, "ಏನವ್ವಾ ಎಡಗಡಿಯಾಕಿ, ಆರಾಮದಿ ಇಲ್ಲೋ? ಬಲಗಡಿಯಾಕಿ ಎಲ್ಲಿ ಹೋದ್ಲು? ಕರುಳಿನ ಹಿಂದ ಅಡಗಿ ಕುಂತಾಳ ನೋಡ, ಕಳ್ಳಿ!" ಎನ್ನುವರು. ಮೊದಲ ಸಲ ಕೇಳಿದಾಗ ನನ್ನ ಹೆಂಡತಿ ಗಿರಿಜಾ, ಇನ್ಯಾರೋ ಇಬ್ಬರು ಹೆಂಗಸರು ಕೋಣೆಯೊಳಗಿದ್ದಾರೆಂದು ಗಾಬರಿಯಾಗಿ ಸೀರೆ ಎಳೆದುಕೊಂಡಿದ್ದಳು.

ನಾನು ಅಕ್ಕಿಆಲೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮದುವೆಯಾಗಿ ಏಳು ವರ್ಷ ಕಳೆದರೂ ಮಕ್ಕಳಾಗದೆ, ಊರಿನ ದೇವರುಗಳೆಲ್ಲ ಮುಗಿದ ಮೇಲೆ ನಾವು ಬಾಯಾರ ಬಳಿ ಹೋದದ್ದು. ಅಂದು ನಮಗಿಂತ ಮುಂಚೆ ಶಿಗ್ಗಾಂವಿ ಕಡೆಯ ದೊಡ್ಡ ಮನೆತನದವರೊಬ್ಬರು ಒಳಗಿದ್ದರು. ಬಾಗಿಲು ತೆರೆದೇ ಇದ್ದದ್ದರಿಂದ ಎಲ್ಲವೂ ಕೇಳುತ್ತಿತ್ತು.

"ಮೊದ್ಲು ನಿಮ್ಮ ಪರೀಕ್ಷಾ ಆಗ್ಬೇಕ್ರಿ," ಎಂದರು ಬಾಯಾರು.

"ನಮ್ಮ ಮನಿತನದಾಗ ಗಂಡಸ್ರಿಗೆ ಇಂಥಾ ಪರೀಕ್ಷಾ ಮಾಡಸಂಗಿಲ್ರಿ."

"ಹೌದಾ? ಹಂಗಾರ ನಮ್ಮ ಆಸ್ಪತ್ರ್ಯಾಗ ನಿಮ್ಮ ಮನಿತನದ ಹೆಂಗಸ್ರಿಗೂ ಮಾಡಂಗಿಲ್ರಿ. ಚಾ ಕುಡದು ಹೋಗ್ರಿ."

ಆತ ಚಹಾ ಕುಡಿದ. ಅರ್ಧ ತಾಸು ಕೂತ. ಆಮೇಲೆ ಮುಖ ಕೆಳಗೆ ಹಾಕಿಕೊಂಡು ಪರೀಕ್ಷೆಯ ಡಬ್ಬಿ ಹಿಡಿದು ಕೋಣೆಗೆ ಹೋದ. ಹೊರಗೆ ಕೂತಿದ್ದ ಗಂಡಂದಿರೆಲ್ಲ ಎದ್ದು ದಾರಿ ಬಿಟ್ಟೆವು.

ನಮ್ಮ ಪರೀಕ್ಷೆಗಳೆಲ್ಲ ಮುಗಿದು, ಗಿರಿಜಾಳಿಗೆ ಇಂಜೆಕ್ಷನ್ ಶುರುವಾಗುವ ದಿನ ಬಂತು. ಅಂಡಾಶಯದೊಳಗಿನ ಸಣ್ಣ ಸಣ್ಣ ಕೋಶಗಳನ್ನು ಒಟ್ಟಿಗೆ ಬೆಳೆಸುವ ಇಂಜೆಕ್ಷನ್ ಅದು. ಪೆನ್ನಿನ ಆಕಾರ, ಹಿಂದುಗಡೆ ತಿರುಗಿಸುವ ಒಂದು ಬಿರಡೆ. ಒಮ್ಮೆ ಟಿಕ್ ಎಂದರೆ ಇಪ್ಪತ್ತೈದು ಯೂನಿಟ್. ಗಿರಿಜಾಳಿಗೆ ಬಾಯಾರು ಬರೆದದ್ದು ನೂರಾ ಇಪ್ಪತ್ತೈದು, ಅಂದರೆ ಐದು ಟಿಕ್. ದಿನಾ ಸಂಜೆ ಏಳಕ್ಕೆ, ಹೊಟ್ಟೆಯ ಚರ್ಮಕ್ಕೆ. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಗಿರಿಜಾಳಿಗೆ ಅದನ್ನು ಚುಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಅದೇ ದಿನ ಇಂಜೆಕ್ಷನ್ ಶುರುವಾದ ಇನ್ನೊಂದು ಜೋಡಿ ಸವಣೂರಿನವರು. ಆತ ವೀಳ್ಯದೆಲೆ ವ್ಯಾಪಾರಿ, ಎಲ್ಲರೂ ಎಲಿ ಸಾಹೇಬರು ಎನ್ನುತ್ತಿದ್ದರು. ಹೆಂಡತಿ ಶಮೀಮ್ ಭಾಭಿ, ಕಡ್ಡಿಯಂಥ ತೆಳ್ಳಗಿನ ಹೆಂಗಸು. ಸಾಹೇಬರು ಹೊರಗೆ ಬಂದವರೇ ನನ್ನ ಪಕ್ಕ ಕೂತು, ಮಗನಿಗೆ ಫಸ್ಟ್ ಕ್ಲಾಸ್ ಬಂದವರ ಹಾಗೆ ಹೇಳಿದರು: "ನಮಗ ಮುನ್ನೂರು ಬರದಾರ್ರಿ ಮಾಸ್ತರ. ನಿಮ್ಗೆಷ್ಟು?"

ನನ್ನ ಮೈ ಉರಿಯಿತು. ಗಿರಿಜಾಳ ತೂಕ ಎಪ್ಪತ್ತೆರಡು ಕೆಜಿ. ಭಾಭಿ ನಲವತ್ತೈದಿದ್ದರೆ ಹೆಚ್ಚು. ಅಲ್ಲಿಯೇ ಬಸ್ ಟಿಕೆಟಿನ ಹಿಂದೆ ತ್ರೈರಾಶಿ ಹಾಕಿದೆ. ನಲವತ್ತೈದಕ್ಕೆ ಮುನ್ನೂರಾದರೆ ಎಪ್ಪತ್ತೆರಡಕ್ಕೆ ನಾನೂರಾ ಎಂಬತ್ತು. ನಮಗೆ ಕೊಟ್ಟದ್ದು ನೂರಾ ಇಪ್ಪತ್ತೈದು! ಟಿಕೆಟ್ ಹಿಡಿದು ಒಳಗೆ ನುಗ್ಗಿದೆ.

"ಬಾಯಾರ, ಇದು ಅನ್ಯಾಯರಿ. ತೂಕದ ಪ್ರಕಾರ ನಮಗ ನಾನೂರಾ ಎಂಬತ್ತು ಬರ್ಬೇಕು."

ಬಾಯಾರು ಟಿಕೆಟನ್ನು ಹಿಂದೆ ಮುಂದೆ ನೋಡಿದರು. "ಲೆಕ್ಕ ಬರೋಬ್ಬರಿ ಐತಿ. ಆದ್ರ ನಾ ಏನು ಇಲ್ಲಿ ಗೊಬ್ಬರ ಮಾರಾಕತ್ತೇನೇನು, ತೂಕದ ಮ್ಯಾಲೆ ಕೊಡಾಕ?"

ಆಮೇಲೆ ಸಾಹೇಬರನ್ನೂ ಭಾಭಿಯನ್ನೂ ಒಳಗೆ ಕರೆದು, "ನಿಮ್ಮ ಕಾಗದ ಈ ಮಾಸ್ತರಿಗೆ ತೋರಸ್ಲೇನು? ಇಲ್ಲಂದ್ರ ಇವ್ರು ರಾತ್ರಿ ಉಣ್ಣಂಗಿಲ್ಲ," ಎಂದರು. ಭಾಭಿ ನಕ್ಕು ತಲೆಯಾಡಿಸಿದರು. ಬಾಯಾರು ಎರಡೂ ಫೈಲನ್ನು ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟರು.

"ನೋಡ್ರಿ. ಮೊದ್ಲು ವಯಸ್ಸು. ನಿಮ್ಮಾಕಿಗೆ ಮೂವತ್ತೊಂದು, ಭಾಭಿಗೆ ಮೂವತ್ತೊಂಬತ್ತು. ಆಮ್ಯಾಲೆ ಮುಟ್ಟಾದ ಎರಡನೇ ದಿನದ ಸ್ಕ್ಯಾನಿಂಗು. ನಿಮ್ಮಾಕಿಗೆ ಎರಡೂ ಕಡಿ ಕೂಡಿ ಇಪ್ಪತ್ತಾರು ಸಣ್ಣ ಕೋಶ ಕಂಡಾವ, ಭಾಭಿಗೆ ನಾಕು. ರಕ್ತದ ರಿಪೋರ್ಟೂ ಅದನ್ನ ಹೇಳತೇತಿ. ನಿಮ್ಮಾಕಿನ ಕೋಶ ಒಂದು ಸಣ್ಣ ಕೂಗಿಗೆ ಎಲ್ಲಾ ಕೂಡೇ ಎದ್ದು ಓಡಿ ಬರೂವಂಥವು. ಅವನ್ನ ಮೆಲ್ಲಕ ಕರೀಬೇಕು. ಭಾಭೀವು ಗಾಢ ನಿದ್ದ್ಯಾಗ ಅದಾವ. ಒದರಿ ಎಬ್ಬಸ್ಬೇಕು. ತೂಕಾನೂ ನೋಡ್ತೇನಿ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಕಡೀಕ."

"ನಮಗೂ ಚೂರು ಹೆಚ್ಚು ಕೊಟ್ರ ಏನಾಕ್ಕೇತ್ರಿ? ಹೆಚ್ಚು ತತ್ತಿ ಬಂದ್ರ ಚಲೋ ಅಲ್ಲೇನು?"

"ಅಂಡಾಶಯ ಉಬ್ಬತಾವ. ಹೊಟ್ಟ್ಯಾಗ ನೀರು ತುಂಬತೇತಿ. ಉಸರಾಡಾಕ ತ್ರಾಸ ಆಕ್ಕೇತಿ. ಕೂಸು ಬೇಕಂತ ಬಂದಾಕಿನ್ನ ಐಸಿಯುನ್ಯಾಗ ಮಲಗಿಸಿ ನಾ ಏನು ಮಾಡ್ಲಿ?"

ಎಲ್ಲವೂ ಅರ್ಥವಾಯಿತು. ಅರ್ಥವಾದರೂ ಸಾಲಲಿಲ್ಲ. ಮೊದಲ ಸಂಜೆ ಸರಿಯಾಗಿ ಐದು ಟಿಕ್ ತಿರುಗಿಸಿ ಚುಚ್ಚಿದೆ. ಮರುದಿನ ಹಿರೇಕೆರೂರಿನಿಂದ ನಮ್ಮ ಅಕ್ಕನ ಫೋನ್ ಬಂತು. ಡೋಸು ಎಷ್ಟೆಂದು ಕೇಳಿದಳು. ಈ ಔಷಧಗಳ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ, ಹಾಗಾಗಿ ಬಹಳ ಖಾತ್ರಿಯಿಂದ ಹೇಳಿದಳು: "ನೂರಾ ಇಪ್ಪತ್ತೈದೇನೋ? ನನ್ನ ನಾದಿನಿ ಗೆಳತಿಗೆ ಮುನ್ನೂರಾ ಎಪ್ಪತ್ತೈದು ಕೊಟ್ಟಿದ್ರು. ಅವಳಿ ಜವಳಿ ಆದ್ವು. ನೀ ಮೊದ್ಲಿಂದ ಬಾಯಿಸತ್ತಾಂವ, ನಿನಗ ಕಡಿಮಿನ ಕೊಡ್ತಾರ."

ಅಂದು ಸಂಜೆ ಅಡುಗೆಮನೆಯಲ್ಲಿ ಫ್ರಿಜ್ಜಿನಿಂದ ಪೆನ್ ತೆಗೆದಾಗ ನನ್ನ ಬೆರಳು ಐದಕ್ಕೆ ನಿಲ್ಲಲಿಲ್ಲ. ಆರು, ಏಳು, ಎಂಟು. ಇನ್ನೂರು. ಗಿರಿಜಾ ನಡುಮನೆಯಲ್ಲಿ ಕಣ್ಣು ಮುಚ್ಚಿ, ಸೆರಗಿನ ತುದಿ ಕಚ್ಚಿಕೊಂಡು ಮಲಗಿದ್ದಳು. ಅವಳಿಗೆ ಏನೂ ಗೊತ್ತಾಗಲಿಲ್ಲ. ಹೀಗೆ ಮೂರು ಸಂಜೆ ಮಾಡಿದೆ. ಹೆಂಡತಿಗೆ ಉಪಕಾರ ಮಾಡುತ್ತಿದ್ದೇನೆಂದೇ ನನ್ನ ಭಾವನೆ. ಮೂರನೆಯ ದಿನ ಅವಳು, "ಯಾಕೋ ಹೊಟ್ಟಿ ಬಿಗದಂಗ ಆಗೇತ್ರಿ," ಅಂದಾಗ, ಕೆಲಸ ನಡೆದಿದೆ ಎಂದು ಒಳಗೊಳಗೇ ಖುಷಿಪಟ್ಟೆ. ಇಷ್ಟು ದಡ್ಡನಾದ ನನ್ನ ಕೈಗೆ ಸರಕಾರ ಶಾಲೆಯ ಮಕ್ಕಳನ್ನು ಹೇಗೆ ಕೊಟ್ಟಿತೋ ತಿಳಿಯದು.

ಐದನೆಯ ದಿನ ಸ್ಕ್ಯಾನಿಂಗು. ಇಂಜೆಕ್ಷನ್ ಪೆನ್ನನ್ನೂ ಐಸ್ ಜೊತೆ ಡಬ್ಬಿಯಲ್ಲಿಟ್ಟು ತರಬೇಕೆಂದು ಹೇಳಿದ್ದರು. ಬಾಯಾರು ಪರದೆಗೆ ಮೂಗು ತಾಗಿಸಿ ಎಂದಿನಂತೆ, "ಏನವ್ವಾ ಎಡಗಡಿಯಾಕಿ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಬಲಗಡೆ ನೋಡಿದರು. ಮತ್ತೆ ಎಡಗಡೆ.

"ಮೊನ್ನೆ ಮಕ್ಕೊಂಡಿದ್ರಿ. ಇಷ್ಟು ಲಗೂ ಹ್ಯಾಂಗ ಎದ್ರಿ? ಯಾರು ಎಬ್ಬಿಸಿದ್ರು ನಿಮ್ಮನ್ನ?"

ನಾನು ಫ್ಯಾನು ನೋಡುತ್ತಿದ್ದೆ.

"ಮಾಸ್ತರ, ಆ ಪೆನ್ನು ಕೊಡ್ರಿಲ್ಲಿ." ಪೆನ್ನಿನ ಪಕ್ಕದ ಸಣ್ಣ ಕಿಟಕಿಯಲ್ಲಿ ಔಷಧಿ ಎಷ್ಟು ಉಳಿದಿದೆಯೆಂದು ಕಾಣುತ್ತದೆ. ಈ ಸಂಗತಿ ನನಗೆ ಹೊಳೆದಿರಲೇ ಇಲ್ಲ. ತಲೆಯ ಮೇಲಿನ ಕನ್ನಡಕ ಇಳಿಸಿ ಅವರು ಅದನ್ನು ಬೆಳಕಿಗೆ ಹಿಡಿದರು. "ತುಂಬಿದ ಪೆನ್ನಿನ್ಯಾಗ ಒಂಬೈನೂರು. ದಿನಕ್ಕ ನೂರಾ ಇಪ್ಪತ್ತೈದರಂಗ ನಾಕು ದಿನ. ಉಳೀಬೇಕಾದ್ದು ಎಷ್ಟು?"

"ನಾನೂರ್ರಿ."

"ಇಲ್ಲಿ ಇನ್ನೂರೂ ಇಲ್ಲ."

ಹದಿನಾಲ್ಕು ವರ್ಷ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿದ ನಾನು ಕಳೆಯುವ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದೆ. ಹೊರಗೆ ಹೋಗಿ ಮಾತಾಡೋಣ ಎಂಬಂತೆ ಬಾಗಿಲ ಕಡೆ ಸರಿದೆ. ಬಾಯಾರು ಬಿಡಲಿಲ್ಲ. ಅವರ ದನಿ ಮೊದಲ ಬಾರಿಗೆ ತಣ್ಣಗಿತ್ತು.

"ನನ್ನ ಮುಂದ ಹೇಳಬ್ಯಾಡ್ರಿ. ಆಕಿ ಮುಂದ ಹೇಳ್ರಿ. ಅದು ಆಕಿ ಹೊಟ್ಟಿ ಮಾಸ್ತರ, ನಿಮ್ಮ ಕರಿಹಲಗಿ ಅಲ್ಲ. ತಿಳದಂಗ ಬರದು ಅಳಸಾಕ."

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಗಿರಿಜಾ ಮಲಗಿದಲ್ಲಿಂದಲೇ ನನ್ನನ್ನು ನೋಡಿದಳು. ಬೈಯಬಹುದು, ಅಳಬಹುದು ಎಂದು ಕಾದೆ. ಅವಳು ಎದ್ದು ಕೂತು ಬಾಯಾರ ಕಡೆ ತಿರುಗಿ, "ಬಾಯಾರ, ಸೂಜಿ ಚುಚ್ಚೋದು ನನಗ ಕಲಸ್ರಿ," ಎಂದಳು ಅಷ್ಟೇ.

ಅಂದು ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದುಗಡೆ ಬಾಗಿಲ ಬಳಿ. ಸಂಜೆ ಏಳಕ್ಕೆ ಅಡುಗೆಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡಿತು. ಬಾಯಾರು ಈಗ ಡೋಸನ್ನು ಮೂರು ಟಿಕ್ಕಿಗೆ ಇಳಿಸಿದ್ದರು, ಕೋಶಗಳು ಅವಸರಕ್ಕೆ ಒಡೆಯದಂತೆ ತಡೆಯುವ ಇನ್ನೊಂದು ಇಂಜೆಕ್ಷನ್ನೂ ಸೇರಿತ್ತು. ಬಾಗಿಲ ಹೊರಗೆ ನಿಂತ ನನಗೆ ಕೇಳಲೆಂದೇ ಗಿರಿಜಾ ಗಟ್ಟಿಯಾಗಿ ಎಣಿಸಿದಳು: "ಒಂದು. ಎರಡು. ಮೂರು. ಮುಗೀತು!" ಸೂಜಿ ಕಂಡರೆ ತಲೆ ತಿರುಗುತ್ತಿದ್ದವಳು ಬಾಗಿಲು ತೆರೆದು ಬಂದಾಗ ಅವಳ ಮುಖ ನೋಡಿ ನನಗೇ ತಲೆ ತಿರುಗಿತು.

ನನಗೂ ಬಾಯಾರು ಶಿಕ್ಷೆ ಕೊಟ್ಟರು. ದಿನಾ ಗಿರಿಜಾಳ ತೂಕ, ಟೇಪು ಹಿಡಿದು ಹೊಟ್ಟೆಯ ಸುತ್ತಳತೆ, ಎಷ್ಟು ನೀರು ಕುಡಿದಳು, ಎಷ್ಟು ಸಲ ಮೂತ್ರಕ್ಕೆ ಹೋದಳು, ಎಲ್ಲ ಬರೆದು ಕಳಿಸಬೇಕು. ನಾನು ಗ್ರಾಫ್ ಹಾಳೆಯಲ್ಲಿ ಕೆಂಪು, ನೀಲಿ, ಹಸಿರು ಗೆರೆ ಎಳೆದೆ. ಆ ಹಾಳೆ ಒಂದು ದಿನ ಹೇಗೋ ಹತ್ತನೆಯ ತರಗತಿಯ ಉತ್ತರಪತ್ರಿಕೆಗಳೊಳಗೆ ಸೇರಿ ಹೆಡ್‌ಮಾಸ್ತರರ ಟೇಬಲ್ ತಲುಪಿತು. ಅವರು ಕರೆಸಿದರು. "ಇದ್ಯಾವ ಹುಡುಗನ ಪ್ರಾಜೆಕ್ಟ್ರಿ? 'ಮೂತ್ರ, ಆರು ಸಲ, ಪ್ರಗತಿ ಸಮಾಧಾನಕರ' ಅಂತ ಸಹಿ ಮಾಡೀರಲ್ಲ!" ನಡೆದದ್ದನ್ನು ಹೇಳಿದೆ. ಅವರು ಹಾಳೆಯನ್ನು ಇನ್ನೊಮ್ಮೆ ಓದಿ, "ಗ್ರಾಫ್ ಮಾತ್ರ ಚಲೋ ಬಂದೇತಿ," ಎಂದು ತಿರುಗಿ ಕೊಟ್ಟರು. ಬಾಯಾರೂ ಅದನ್ನು ಮೆಚ್ಚಿದರು. "ಈಗ ನೋಡ್ರಿ, ನಿಮ್ಮ ವಿದ್ಯಾ ಕೆಲಸಕ್ಕ ಬಂತು."

ಹುಬ್ಬಳ್ಳಿಗೆ ಹೋಗುವ ದಿನ ಸವಣೂರಿನವರು ಬಂಕಾಪುರದಲ್ಲಿ ನಮ್ಮ ವ್ಯಾನ್ ಹತ್ತಿದರು. ಅರಿವಳಿಕೆ ಕೊಡಬೇಕಾದ್ದರಿಂದ ಹೆಂಗಸರು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಶಿಗ್ಗಾಂವಿ ದಾಟುವಾಗ ರಸ್ತೆ ಬದಿಯ ಬಂಡಿಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂತು. ಸಾಹೇಬರು ನನ್ನ ಮೊಣಕೈ ತಿವಿದರು, ನಾನು ಡ್ರೈವರನ ಬೆನ್ನು ತಿವಿದೆ, ವ್ಯಾನು ನಿಧಾನವಾಯಿತು.

ಮುಂದಿನ ಸೀಟಿನಿಂದ ದನಿ ಬಂತು: "ಆಕಿ ಉಪವಾಸ. ಈಕಿ ಉಪವಾಸ. ನೀವು ಮಿರ್ಚಿ ತಿಂತೀರೇನು?"

"ಇಲ್ರಿ ಬಾಯಾರ, ಬರೇ ನೋಡಾಕತ್ತಿದ್ವಿ."

"ನೋಡೂದೂ ಬ್ಯಾಡ. ಕಿಟಕಿ ಹಾಕ್ರಿ."

ಕಿಟಕಿ ಹಾಕಿದೆವು. ಹಿಂದೆ ಗಿರಿಜಾ ಮತ್ತು ಭಾಭಿ ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ನಗುತ್ತಿದ್ದರು. ಆ ವಾರವೆಲ್ಲ ಗಿರಿಜಾ ನಕ್ಕದ್ದು ಅದೇ ಮೊದಲು.

ಮಧ್ಯಾಹ್ನ ಒಬ್ಬ ನರ್ಸು ಹೊರಗೆ ಬಂದು ಹೇಳಿದಳು. ಗಿರಿಜಾಳಿಗೆ ಇಪ್ಪತ್ತೆರಡು ಅಂಡಾಣು. ಭಾಭಿಗೆ ಮೂರು.

ಸಾಹೇಬರು, "ಮುನ್ನೂರಕ್ಕ ಮೂರು ಬಂದ್ವು ಮಾಸ್ತರ," ಎಂದು ನಗಲು ನೋಡಿದರು. ನನಗೆ ಹೆಚ್ಚು ಬೇಕು ಎಂದು ಬಸ್ ಟಿಕೆಟ್ ಹಿಡಿದು ಕುಣಿದವನಿಗೆ ಈಗ ಹೆಚ್ಚೇ ಸಿಕ್ಕಿತ್ತು. ಆ ಮನುಷ್ಯನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನಮ್ಮದೂ ಸುಲಭವಾಗಿ ಮುಗಿಯಲಿಲ್ಲ. "ಈ ತಿಂಗಳು ಗರ್ಭದಾಗ ಇಡಂಗಿಲ್ಲ," ಎಂದರು ಬಾಯಾರು. ಉಬ್ಬಿದ ಅಂಡಾಶಯಗಳು ಇಳಿಯುವ ಮೊದಲೇ ಬಸಿರು ನಿಂತರೆ ತೊಂದರೆ ಇನ್ನೂ ಹೆಚ್ಚುತ್ತದಂತೆ. ಭ್ರೂಣಗಳನ್ನೆಲ್ಲ ಹುಬ್ಬಳ್ಳಿಯಲ್ಲಿ ಶೀತಲ ಪೆಟ್ಟಿಗೆಯಲ್ಲಿಟ್ಟರು. ಮನೆಗೆ ಬಂದ ಮೇಲೆ ಐದು ದಿನ ಗಿರಿಜಾಳ ಹೊಟ್ಟೆ ಬಿಗಿದು, ದಿಂಬಿಗೆ ಒರಗಿಯೇ ಕೂರಬೇಕಾಯಿತು. ಬಾಯಾರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ನಾನು ಎತ್ತಿದರೆ ಒಂದೇ ಮಾತು: "ಆಕಿಗೆ ಕೊಡ್ರಿ." ಆರನೆಯ ದಿನ ಗ್ರಾಫಿನ ಗೆರೆ ಕೆಳಗಿಳಿಯಿತು. ಅಂದು ಗಿರಿಜಾ ನನ್ನ ಜೊತೆ ಮೊದಲ ಪೂರ್ತಿ ವಾಕ್ಯ ಆಡಿದಳು. "ಇನ್ನೊಮ್ಮಿ ನಿಮ್ಮ ಅಕ್ಕ ಫೋನ್ ಮಾಡಿದ್ರ ನನಗ ಕೊಡ್ರಿ." ಕೊಟ್ಟೆ. ಅವರಿಬ್ಬರೂ ಏನು ಮಾತಾಡಿದರೋ, ಅಕ್ಕ ಆಮೇಲೆ ನನಗೆ ವೈದ್ಯಕೀಯ ಸಲಹೆ ಕೊಟ್ಟಿಲ್ಲ.

ಮೂರು ತಿಂಗಳ ಮೇಲೆ ಒಂದು ಭ್ರೂಣ ಇಟ್ಟರು. ಅದು ನಿಂತಿತು. ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಐದರ ಮುಂದೆ ಎಣಿಸಲು ಇನ್ನೂ ಬರುವುದಿಲ್ಲ, ನಾನೂ ಒತ್ತಾಯ ಮಾಡಿಲ್ಲ.

ಸವಣೂರಿನವರಿಗೆ ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಬಾಯಾರು ಮಾತ್ರೆ ಸೇರಿಸಿ ಇಂಜೆಕ್ಷನ್ ಅರ್ಧಕ್ಕೆ ಇಳಿಸಿದರು. ಸಾಹೇಬರು ಕಂಗಾಲಾಗಿ ನನಗೆ ಫೋನ್ ಮಾಡಿದರು. "ಮಾಸ್ತರ, ಮುನ್ನೂರು ಇದ್ದದ್ದು ನೂರಾ ಐವತ್ತು ಮಾಡ್ಯಾರ. ಬಾಯಾರು ನಮ್ಮ ಮ್ಯಾಲಿನ ಆಸೆ ಬಿಟ್ರೇನು?"

ನಾನು ಗಂಟಲು ಸರಿಮಾಡಿಕೊಂಡು ವಿವರಿಸಿದೆ. "ಹಂಗಲ್ರಿ ಸಾಹೇಬ್ರ. ಇರೋ ಕೋಶನ ಮೂರೋ ನಾಕೋ. ಮುನ್ನೂರು ಕೊಟ್ರೂ ಅಷ್ಟ ಬರ್ತಾವ, ನೂರಾ ಐವತ್ತು ಕೊಟ್ರೂ ಅಷ್ಟ. ಸುಳ್ಳ ಯಾಕ ಭಾಭಿ ಮೈಗೆ ತ್ರಾಸ ಕೊಡ್ಬೇಕು? ಹೋದ ಸಲ ಏನಾತು ಅನ್ನೂದು ನೋಡಿನ ಈ ಸಲದ್ದು ಬರೀತಾರ." ಅಡುಗೆಮನೆಯಿಂದ ಗಿರಿಜಾಳ ನಗು ಕೇಳಿಸಿತು. ಎಷ್ಟು ಜೋರಾಗಿತ್ತೆಂದರೆ ಸಾಹೇಬರೂ ಆ ಕಡೆಯಿಂದ, "ನಿಮ್ಮ ಮನಿಯವ್ರು ಯಾಕ ನಗ್ತಾರ್ರಿ?" ಎಂದರು.

ಆ ಸಲ ಎರಡು ಅಂಡಾಣು ಬಂದವು, ಒಂದು ಭ್ರೂಣವಾಯಿತು, ನಿಲ್ಲಲಿಲ್ಲ. ಆಮೇಲೆ ಅವರು ನಮಗೆ ಸಿಕ್ಕಿರಲಿಲ್ಲ. ನಾನಾಗಿ ಫೋನ್ ಮಾಡಲು ಮನಸ್ಸಾಗಲಿಲ್ಲ. ಏನು ಕೇಳುವುದು?

ಹೋದ ತಿಂಗಳು, ಆಸ್ಪತ್ರೆಯ ಕಡೆಯ ದಿನ, ಸನ್ಮಾನ ಗಿನ್ಮಾನ ಏನೂ ಬೇಡವೆಂದು ಬಾಯಾರು ಬೈದಿದ್ದರೂ ಜನ ಬಂದೇಬಂದರು. ಎಲ್ಲರೂ ಮಕ್ಕಳನ್ನು ತಂದಿದ್ದರು. ಆ ಸಣ್ಣ ಹಾಲಿನಲ್ಲಿ ಅಷ್ಟು ಮಕ್ಕಳು ಒಟ್ಟಿಗೆ ಅಳುವುದನ್ನು ನಾನು ಬಾಲವಾಡಿಯಲ್ಲೂ ಕೇಳಿಲ್ಲ. ಒಬ್ಬೊಬ್ಬರೂ ಫೋಟೋಕ್ಕೆಂದು ಅವರ ತೊಡೆಯ ಮೇಲೆ ಕೂಸು ಇಡುವರು. ಬಾಯಾರು ಅದನ್ನು ತುಂಬಿದ ಕೊಡ ಹಿಡಿದಂತೆ ಅಲುಗದೆ ಹಿಡಿದು, "ಲಗೂ ಹೊಡೀರಿ ಫೋಟೋ, ಇದು ಒದ್ದಿ ಮಾಡತೇತಿ," ಎನ್ನುವರು. ಮಾಡಿಯೂ ಮಾಡಿದವು.

ಅಷ್ಟರಲ್ಲಿ ಬಾಗಿಲಲ್ಲಿ ಎಲಿ ಸಾಹೇಬರು ಮತ್ತು ಶಮೀಮ್ ಭಾಭಿ ಕಾಣಿಸಿದರು. ಇಬ್ಬರೇ. ನನ್ನ ಕೈ ತಾನಾಗಿಯೇ ಮಗಳನ್ನು ಹಿಂದಕ್ಕೆ ಎಳೆಯಿತು. ಭಾಭಿ ಅದನ್ನು ಕಂಡರು.

"ಯಾಕ್ರಿ ಮಾಸ್ತರ, ಮುಚ್ಚಿಡಾಕತ್ತೀರಿ? ಕೊಡ್ರಿ ಇಲ್ಲೆ," ಎಂದು ಅವಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು. ಹಾಗೆಯೇ ಬಾಯಾರ ಟೇಬಲ್ಲಿನ ಬಳಿ ಹೋದರು. ಸುತ್ತಲಿನ ಗದ್ದಲದಲ್ಲಿ ಅವರ ಮಾತು ಕೇಳಲು ಬಾಯಾರು ಮುಂದಕ್ಕೆ ಬಾಗಬೇಕಾಯಿತು.

"ಬಾಯಾರ, ನಮಗ ಎಲ್ಲಾರೂ ಇನ್ನೊಮ್ಮಿ ಮಾಡಸ್ರಿ, ಇನ್ನೊಮ್ಮಿ ಮಾಡಸ್ರಿ ಅಂದ್ರು. ಮನಿಯವ್ರು ಅಂದ್ರು, ಓಣ್ಯಾಗಿನವ್ರು ಅಂದ್ರು, ಬ್ಯಾರೆ ಡಾಕ್ಟರೂ ಅಂದ್ರು. ಸವಣೂರಿಗೆ ನಮ್ಮ ಮನಿಗೆ ಬಂದು, ನನ್ನ ಬಾಜೂಕ ಕುಂತು, ಸಾಕವ್ವಾ ಅಂದವ್ರು ನೀವೊಬ್ರ. ಅವತ್ತು ನಾ ಭಾಳ ಅತ್ತೆ. ಆದ್ರ ಅತ್ತು ಮುಗದ ಮ್ಯಾಲೆ, ಎಷ್ಟೋ ವರ್ಷಕ್ಕ ಹೊಟ್ಟಿ ತುಂಬ ಉಂಡೆ, ನಿದ್ದಿ ಮಾಡಿದೆ. ಅದನ್ನ ಹೇಳಾಕ ಬಂದೇನಿ."

ಬಾಯಾರು ಭಾಭಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಹಾರ, ಶಾಲು, ಹಣ್ಣಿನ ಬುಟ್ಟಿಗಳನ್ನೆಲ್ಲ ನೆಲಕ್ಕೆ ಸರಿಸಿ ಆಕೆಯನ್ನು ಅಲ್ಲಿ ಕೂರಿಸಿಕೊಂಡರು. ಏನೋ ಹೇಳಲು ಬಾಯಿ ತೆರೆದರು. ಅದೇ ಹೊತ್ತಿಗೆ ಯಾರದೋ ಕೂಸು ಚಿಟ್ಟನೆ ಚೀರಿತು, ಅದರ ಹಿಂದೆ ಇನ್ನೆರಡು.

ಬಾಯಾರು ತಲೆಯೆತ್ತಿ ಇಡೀ ಹಾಲಿಗೆ ಕೇಳುವಂತೆ ಒದರಿದರು:

"ಯಾರ ಕೂಸುಗಳವು? ಎಲ್ಲಾನೂ ಹೊರಗ ಒಯ್ರಿ! ನಾವಿಬ್ರು ಮಾತಾಡಾಕತ್ತೇವಿ."